ಕೊನೆಯ ಕುರ್ಚಿ

ಸೆರೊ ಬಾಯೊ ಸ್ಕೀ ಕೇಂದ್ರ
ಬುಧವಾರ, ೨೪ ಜೂನ್ ೧೯೯೮

ನನ್ನ ಮುದ್ದು ಅಮ್ಮಾ,

ಮೊದಲು ಎರಡು ಕೆನ್ನೆಗೂ ಒಂದೊಂದು ಮುತ್ತು, ಆಮೇಲೆ ನೀನು ಸಾಕು ಸಾಕು ಅನ್ನುತ್ತಿರುವಾಗಲೇ ಮೂಗಿನ ತುದಿಗೆ ಇನ್ನೊಂದು. ಕಳೆದ ಗುರುವಾರದ ಬಸ್ಸಿನಲ್ಲಿ ನಿನ್ನ ಪತ್ರವೂ ಉಣ್ಣೆಯ ಕಾಲುಚೀಲವೂ ಬಂದವು. ಪತ್ರವನ್ನು ಆರು ಸಲ ಓದಿದೆ. ಕಾಲುಚೀಲವನ್ನು ಎರ್ವಿನ್ ಹಾಕಿಕೊಂಡಿದ್ದಾನೆ, ಬೈಯಬೇಡ, ಅವನ ಕಾಲು ನನ್ನ ಕಾಲಿಗಿಂತ ತಣ್ಣಗಿರುತ್ತದೆ.

ನಾನು ಓದಿದ ಇಂಗ್ಲಿಷ್ ಶಾಲೆಯ ಶಿಶುವಿಹಾರದ ಕೆಲಸವನ್ನು ಮಿಸ್ ಪ್ರಿಚರ್ಡ್ ನನಗಾಗಿ ಈ ಶನಿವಾರದವರೆಗೆ ಹಿಡಿದಿಟ್ಟಿರುತ್ತಾರೆ, ಅಷ್ಟರೊಳಗೆ ನಾನೇ ನಮ್ಮೂರು ವಿನ್ಯಾಕ್ಕೆ ಬಂದು ಅವರೆದುರು ನಿಲ್ಲಬೇಕು ಎಂದು ಬರೆದಿದ್ದೀಯ. ಇಲ್ಲಿಂದ ವಾರಕ್ಕೊಂದೇ ಬಸ್ಸು, ನಾಳೆ ಹನ್ನೊಂದಕ್ಕೆ. ಅದರ ಚಾಲಕ ಈ ಕಾಗದವನ್ನು ಕುರಾಕೌತಿನ್ ಪೇಟೆಯಲ್ಲಿ ರಾತ್ರಿ ಬಸ್ಸಿನವನ ಕೈಗೆ ದಾಟಿಸಿದರೆ ಶುಕ್ರವಾರವೇ ನಿನ್ನ ಕೈಸೇರುತ್ತದೆ. ಉತ್ತರ ಕೊನೆಯಲ್ಲಿದೆ. ಈಗಲೇ ಪುಟ ತಿರುಗಿಸಬೇಡ, ನಿನ್ನ ಅಭ್ಯಾಸ ನನಗೆ ಗೊತ್ತು.

ಮೊದಲನೆಯ ಸುದ್ದಿ, ನಾನು ತುಂಬಾ ತುಂಬಾ ಸುಖವಾಗಿದ್ದೇನೆ. ಮದುವೆಯಾಗಿ ಅರವತ್ತೇಳು ದಿನ, ಲೆಕ್ಕ ಇಟ್ಟಿದ್ದೇನೆ. ಮಲಗುವ ಮೊದಲು ಎರ್ವಿನ್ ಒಲೆಯಲ್ಲಿ ಇಟ್ಟಿಗೆ ಕಾಯಿಸಿ, ಬಟ್ಟೆಯಲ್ಲಿ ಸುತ್ತಿ, ನನ್ನ ಕಾಲ ಬಳಿ ಇಡುತ್ತಾನೆ. ಅವನ ಕಿವಿಯ ಹಿಂದೆ ಯಾವಾಗಲೂ ಕಪ್ಪು ಗ್ರೀಸಿನ ಒಂದು ಗೆರೆ. ಎಷ್ಟು ತಿಕ್ಕಿದರೂ ಹೋಗದು, ಈಗ ಅದಿಲ್ಲದಿದ್ದರೆ ಅವನು ಬೇರೆ ಯಾರೋ ಅನ್ನಿಸೀತು.

ಇಲ್ಲಿ ಎಲ್ಲವೂ ಸಿದ್ಧ, ಒಂದನ್ನು ಬಿಟ್ಟು. ಇಳಿಜಾರಿನ ಕಲ್ಲು ಆರಿಸಿದ್ದಾಗಿದೆ, ಪೊದೆ ಕಡಿದಿದ್ದಾಗಿದೆ, ತಂತಿಯ ಕುರ್ಚಿಗಳಲ್ಲಿ ಜನರನ್ನು ಬೆಟ್ಟ ಹತ್ತಿಸುವ ಲಿಫ್ಟಿನ ಕಂಬಗಳಿಗೆ ದಿಂಬು ಕಟ್ಟಿದ್ದಾಗಿದೆ. ಬಾಡಿಗೆಗೆ ಕೊಡುವ ಇನ್ನೂರು ಜೊತೆ ಬೂಟುಗಳನ್ನು ಒರೆಸಿ ಅಳತೆ ಪ್ರಕಾರ ಸಾಲಾಗಿ ಇಟ್ಟವಳು ನಾನೇ. ಈಗ ಯಾರ ಪಾದ ನೋಡಿದರೂ ಅಳತೆ ಹೇಳಬಲ್ಲೆ. ಟಿಕೆಟ್ ಗೂಡಿಗೆ ಎರಡು ಸಲ ಹಳದಿ ಬಣ್ಣ ಹೊಡೆದೆ, ಎರಡನೆಯ ಸಲ ಬರೀ ಬೇಸರಕ್ಕೆ. ಇಳಿಜಾರು ಸಮಮಾಡುವ ದೊಡ್ಡ ಯಂತ್ರವನ್ನು ಲಿಫ್ಟಿನ ಹಳೆಯ ಮೆಕ್ಯಾನಿಕ್ ದೊನ್ ನಿಬಾಲ್ಡೊ ಪ್ರತಿದಿನ ಬೆಳಿಗ್ಗೆ ಹತ್ತು ನಿಮಿಷ ಓಡಿಸಿ ಆರಿಸುತ್ತಾರೆ, ಮುದಿ ಕುದುರೆಯನ್ನು ಅಂಗಳದಲ್ಲಿ ಸುತ್ತು ಹಾಕಿಸಿದ ಹಾಗೆ. ಚಳಿಗಾಲ ಹಿಡಿಯುವ ಹೊತ್ತಿಗೆ, ಜೂನ್ ಹದಿನೈದಕ್ಕೆ, ಕೇಂದ್ರ ತೆರೆಯಬೇಕಿತ್ತು. ಇವತ್ತಿನವರೆಗೂ ಬೆಟ್ಟ ಕಂದು ಬಣ್ಣದ್ದೇ, ಬಿಸಿಲು ಬೇರೆ.

ಏನು ಬರಬೇಕೋ ಅದರ ಹೆಸರನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವ ಹಾಗಿಲ್ಲ. ‘ಅವಳು’ ಅನ್ನಬೇಕು. ‘ಅವಳು ಅರ್ಜೆಂಟೀನಾ ಕಡೆ ಇದಾಳಂತೆ’, ‘ಅವಳಿಗೆ ನಮ್ಮ ಮೇಲೆ ಸಿಟ್ಟು’. ಮೊದಲ ವಾರ ಊಟದ ಮೇಜಿನಲ್ಲಿ ನಾನು ಹೆಸರು ಹೇಳಿಬಿಟ್ಟೆ. ಒಂಬತ್ತು ಜನ ಗಂಡಸರು ಚಮಚ ಕೆಳಗಿಟ್ಟರು. "ಇಂಗ್ಲಿಷ್ ಶಾಲೇಲಿ ಇದನ್ನೊಂದು ಹೇಳಿಕೊಡಲಿಲ್ವೇನಮ್ಮ?" ಎಂದರು ದೊನ್ ನಿಬಾಲ್ಡೊ. ಕಾಗದದಲ್ಲಿ ಬರೆದರೆ ಯಾರಿಗೂ ಕೇಳಿಸುವುದಿಲ್ಲವಲ್ಲ, ಅದಕ್ಕೆ ಬರೆಯುತ್ತೇನೆ: ಹಿಮ, ಹಿಮ, ಹಿಮ. ಆಹಾ, ಎಷ್ಟು ಹಗುರವಾಯಿತು.

ಇನ್ನೊಂದು ಕಟ್ಟಳೆಯೂ ಇದೆ. ಜೂನ್ ಹದಿಮೂರು, ಸಂತ ಆಂತೋನಿಯೊನ ದಿನದಿಂದ ಕೇಂದ್ರ ತೆರೆಯುವವರೆಗೆ ಇಲ್ಲಿಯ ಯಾರೂ ಬೆಟ್ಟ ಇಳಿಯಬಾರದು. ಇಳಿದವರು ಅವಳನ್ನೂ ಜೊತೆಗೆ ಕರೆದುಕೊಂಡು ಹೋಗುತ್ತಾರಂತೆ. ಯಾವುದೋ ವರ್ಷ ಒಬ್ಬ ಅಡುಗೆಯವನು ಹಲ್ಲುನೋವೆಂದು ಪೇಟೆಗೆ ಹೋಗಿದ್ದನಂತೆ. ಆ ವರ್ಷ ಆಗಸ್ಟ್‌ವರೆಗೆ ಬೆಟ್ಟ ಒಣಗಿತ್ತು, ಇಂದಿಗೂ ಅವನ ಹಲ್ಲಿಗೆ ಶಾಪ ಬೀಳುತ್ತಿದೆ. ಲಾರಿಯ ಕೀಲಿಕೈ ಅತ್ತೆ ದೋನ್ಯಾ ಒತಿಲಿಯಾ ಅವರ ಏಪ್ರನ್ನಿನ ಜೇಬಿನಲ್ಲಿ. ಅವರು ನಡೆದರೆ ಅದು ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದು ಕೇಳಿ ಅವರು ಯಾವ ಕೋಣೆಯಲ್ಲಿದ್ದಾರೆಂದು ಹೇಳುವುದನ್ನು ಕಲಿತಿದ್ದೇನೆ.

ಒಂದು ಮಾತು ಒಪ್ಪಿಕೊಳ್ಳಬೇಕು ಅಮ್ಮಾ. ನಿನ್ನ ಹುಟ್ಟುಹಬ್ಬಕ್ಕೆ ಫೋನ್ ಮಾಡಲಿಲ್ಲ, ಲೈನು ಕೆಟ್ಟಿತ್ತು ಎಂದು ಬರೆದಿದ್ದೆ. ಲೈನು ಚೆನ್ನಾಗೇ ಇತ್ತು, ಆದರೆ ಅದು ಪೇಟೆಯಲ್ಲಿತ್ತು. ಒಂದು ಗಂಟೆಯ ಮಟ್ಟಿಗೆ ಲಾರಿಯ ಕೀಲಿ ಕೇಳಿದೆ. ಅತ್ತೆ ನನ್ನ ಕೈಯಲ್ಲಿ ಬಟಾಣಿ ಬುಟ್ಟಿ ಇಟ್ಟರು.

ನೆನಪಿದೆಯಲ್ಲ, ನಿನ್ನ ಅಡುಗೆಮನೆಯಲ್ಲಿ ಎರ್ವಿನ್ ಚಹಾದ ಬಟ್ಟಲು ಹಿಡಿದು ಏನು ಹೇಳಿದ್ದನೆಂದು. ಈ ಕೇಂದ್ರ ಕಟ್ಟಿದ ಅವನ ಅಪ್ಪ ತೀರಿಕೊಂಡ ಮೇಲೆ ಇದು ಮೊದಲನೆಯ ಚಳಿಗಾಲ. ಈ ಒಂದು ವರ್ಷ ಕೇಂದ್ರ ತೆರೆಯುವವರೆಗೆ ಅವನ ಅಮ್ಮನ ಜೊತೆಗಿದ್ದು, ಆಮೇಲೆ ವಾಲ್ಪರೈಸೊದಲ್ಲಿ ಅವನ ದಾಯಾದಿಯ ವರ್ಕ್‌ಶಾಪಿಗೆ ಸೇರುತ್ತಾನೆ. ಎರಡು ತಿಂಗಳು, ಅಷ್ಟೇ. ನೀನು ಆಗ ಅವನ ಬಟ್ಟಲಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ. ಈಗ ನಾನು ಯಾವಾಗ ಕೇಳಿದರೂ ಅವನು ಕೆನ್ನೆ ಚಿವುಟಿ, "ಓಪನಿಂಗ್ ಒಂದು ಆಗ್ಲಿ ಕಣೇ" ಅನ್ನುತ್ತಾನೆ. ಅದಕ್ಕೇ ಹಿಮಕ್ಕಾಗಿ ನನ್ನಷ್ಟು ಆಸೆಯಿಂದ ಆಕಾಶ ನೋಡುವವರು ಈ ಬೆಟ್ಟದಲ್ಲಿ ಯಾರೂ ಇರಲಿಲ್ಲ.

ಇನ್ನು ನಿನ್ನೆಯ ತಮಾಷೆ ಕೇಳು. ತೆರೆಯುವ ಮೊದಲು ಪ್ರತಿವರ್ಷ ಲಿಫ್ಟಿನಿಂದ ಜನರನ್ನು ಇಳಿಸುವ ಅಭ್ಯಾಸ ನಡೆಯುತ್ತದೆ. ನಡುದಾರಿಯಲ್ಲಿ ಲಿಫ್ಟು ಕೆಟ್ಟು ನಿಂತರೆ ಕುರ್ಚಿಯಲ್ಲಿ ಸಿಕ್ಕಿಕೊಂಡವರನ್ನು ಹಗ್ಗದಿಂದ ಇಳಿಸಬೇಕಲ್ಲ, ಅದಕ್ಕೆ. ಆರು ಜನ ಕುರ್ಚಿಗಳಲ್ಲಿ ಕೂರುವುದು, ಉಳಿದವರು ತಂತಿಯ ಮೇಲಿಂದ ಹಗ್ಗ ಎಸೆದು ಒಬ್ಬೊಬ್ಬರನ್ನೇ ಇಳಿಸುವುದು. ಎಲ್ಲಕ್ಕಿಂತ ಮೇಲಿನದು, ಕಣಿವೆಯ ಮೇಲೆ ತೂಗುವ ಮೂವತ್ತೆಂಟನೆಯ ಕುರ್ಚಿ, ಯಜಮಾನನ ಹೆಂಡತಿಗೆ ಮೀಸಲು. ಮಾವನವರು ಮಾಡಿದ ನಿಯಮ: ಮನೆಯವರು ಕೊನೆಗೆ. ತನ್ನವಳನ್ನು ಮೊದಲು ಇಳಿಸಿಕೊಂಡ ಎಂದು ಯಾರೂ ಬೆರಳು ತೋರಿಸಬಾರದು. ಮೂವತ್ತೊಂದು ವರ್ಷ ಆ ಕುರ್ಚಿಯಲ್ಲಿ ಅತ್ತೆ ಕೂತಿದ್ದರು. ಈ ವರ್ಷ ತಮ್ಮ ಕರಿಯ ಪೊಂಚೊವನ್ನು ನನಗೆ ಹೊದಿಸಿ, "ಇನ್ಮೇಲೆ ನಿಂದು" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಅವರನ್ನು ತಬ್ಬಿಕೊಂಡುಬಿಟ್ಟೆ. ಅವರು ಕಂಬದ ಹಾಗೆ ನಿಂತಿದ್ದರು.

ಮೂರು ಮಹಡಿಯಷ್ಟು ಎತ್ತರ. ಮೊದಲ ಅರ್ಧ ಗಂಟೆ ಹಾಡುತ್ತಾ ಕಾಲಾಡಿಸಿದೆ. ಕೆಳಗೆ ಅರೌಕಾರಿಯಾ ಮರಗಳು, ಅವುಗಳ ನಡುವೆ ಪೇಟೆಯ ರಸ್ತೆ ಎಲ್ಲಾ ತಿರುವುಗಳ ಸಮೇತ ಕಾಣುತ್ತಿತ್ತು. ಎರ್ವಿನ್ ಎರಡು ಸಲ ನನ್ನ ಕೆಳಗಿಂದಲೇ ಹಾದುಹೋದ, ಎರಡು ಸಲವೂ ಗಾಳಿಮುತ್ತು ಎಸೆದ. ಒಂದೂವರೆ ಗಂಟೆಯಾಯಿತು. ಐವರು ಇಳಿದು ಮಾತೆ ಎಲೆಯ ಕಷಾಯ ಕುಡಿಯುತ್ತಾ ಕೂತಿದ್ದರು. ಹಿಮವಿಲ್ಲದ ಬೆಟ್ಟದಲ್ಲಿ ಮಾತು ಚೆನ್ನಾಗಿ ಮೇಲೇರುತ್ತದೆ ಅಮ್ಮಾ, ಅದು ಅವರಿಗೆ ಮರೆತುಹೋಗಿತ್ತು. ದೊನ್ ನಿಬಾಲ್ಡೊ ಯಾರಿಗೋ ಹೇಳುತ್ತಿದ್ದರು: "ನಂಗೇನು ಚಿಂತೆ ಇಲ್ಲಪ್ಪ. ಅಕ್ಟೋಬರ್‌ವರೆಗೂ ಎರ್ವಿನ್ ಇರ್ತಾನೆ, ಮುಂದಿನ ವರ್ಷವೂ ಕೇಂದ್ರ ನಡೆಸೋಕೆ ಸಹಿ ಹಾಕಿದಾನೆ. ವಾಲ್ಪರೈಸೊದವನಿಗೆ ಬರಲ್ಲ ಅಂತ ಮೇ ತಿಂಗಳಲ್ಲೇ ಹೇಳಿಕಳಿಸಾಯ್ತಂತೆ."

ಮೇ ತಿಂಗಳಲ್ಲಿ ನಾನು ಬೂಟು ಒರೆಸುತ್ತಿದ್ದೆ.

ಕೊನೆಗೆ ಎರ್ವಿನ್ ನನ್ನ ಕುರ್ಚಿಯ ಕೆಳಗೆ ಬಂದು ಹಗ್ಗ ಎಸೆದ. "ಪಿಯಾ, ಪಟ್ಟಿ ಕಂಕುಳಿಗೆ ಹಾಕ್ಕೊ, ಹಿಂದಕ್ಕೆ ನೋಡಬೇಡ" ಎಂದ.

"ಸಹಿ ಹಾಕಿದೀಯಾ?" ಎಂದೆ.

"ಏನು?"

"ಮುಂದಿನ ವರ್ಷಕ್ಕೆ ಸಹಿ ಹಾಕಿದೀಯಾ?"

ಅವನು ದೊನ್ ನಿಬಾಲ್ಡೊ ಕಡೆ ನೋಡಿದ. ದೊನ್ ನಿಬಾಲ್ಡೊ ತಮ್ಮ ಬೂಟು ನೋಡಿಕೊಂಡರು. "ಮೊದಲು ಇಳಿ, ಆಮೇಲೆ ಮಾತಾಡೋಣ" ಎಂದ ಎರ್ವಿನ್.

"ಮೊದಲು ಮಾತಾಡು, ಆಮೇಲೆ ಇಳೀತೀನಿ."

"ಓಪನಿಂಗ್ ಒಂದು ಆಗ್ಲಿ ಕಣೇ."

"ಲೇ, ಅವಳು ಬರೋತನಕ ಇವಳು ಮೇಲೇ ಇರ್ತಾಳೆ ಬಿಡು" ಎಂದ ಒಬ್ಬ. ಎಲ್ಲರೂ ನಕ್ಕರು, ನನಗೂ ನಗು ಬಂತು, ನಿಜವಾಗಿ. ಆದರೆ ನಾನು ಪಟ್ಟಿ ಹಾಕಿಕೊಳ್ಳಲಿಲ್ಲ. ಹಗ್ಗ ನನ್ನೆದುರು ತೂಗುತ್ತಿತ್ತು, ಎರ್ವಿನ್ ಅದರ ಇನ್ನೊಂದು ತುದಿ ಹಿಡಿದು ತಲೆ ಎತ್ತಿ ನಿಂತಿದ್ದ. ಸಹಿ ಹಾಕಿಲ್ಲ ಎಂದು ಅವನು ಒಂದು ಸಲವೂ ಹೇಳಲಿಲ್ಲ. ಬಿಸಿಲು ಇಳಿಯಿತು. ಕೈ ಮರಗಟ್ಟಿತು.

ಆಗ ಅತ್ತೆ ಸೌಟು ಹಿಡಿದುಕೊಂಡೇ ಇಳಿಜಾರು ಹತ್ತಿ ಬಂದರು. ಮಗನನ್ನು ಪಕ್ಕಕ್ಕೆ ಸರಿಸಿ ಮೇಲೆ ನೋಡಿದರು. "ಇಳಿದು ಬಾ ಮಗಳೇ. ನಾನೂ ಒಂದು ವರ್ಷ ಹಿಂಗೇ ಹಠ ಹಿಡಿದು ಕೂತಿದ್ದೆ. ಆವತ್ತು ರಾತ್ರಿ ಅಡುಗೆ ಆಗಲಿಲ್ಲ, ಅಷ್ಟೇ."

ಇಳಿದೆ. ಎರ್ವಿನ್ ತುಂಬಾ ಜೋಪಾನವಾಗಿ ಇಳಿಸಿದ, ಒಂದು ಚೂರೂ ಜರ್ಕು ಆಗಲಿಲ್ಲ. ಅವನು ಬೆಟ್ಟದಲ್ಲೇ ಉತ್ತಮ ಹಗ್ಗದವನು ಎಂದು ಎಲ್ಲರೂ ಹೇಳುವುದು ಸುಮ್ಮನೆ ಅಲ್ಲ. ಆಮೇಲೆ ಒಂದು ಮಾತು ಹೇಳಿದ, ಅದು ನ್ಯಾಯವಾಗಿಯೇ ಇತ್ತು: "ಅಪ್ಪ ಕಟ್ಟಿದ್ದು ಪಿಯಾ, ಹೆಂಗೆ ಬಿಡ್ಲಿ? ಮೊದಲೇ ಹೇಳಿದ್ರೆ ನೀನು ಬರ್ತಿರಲಿಲ್ಲ." ಹೌದು, ಬರುತ್ತಿರಲಿಲ್ಲ.

ಸಂಜೆ ಅತ್ತೆಯೂ ನಾನೂ ಬೇಯಿಸಿದ ಅರೌಕಾರಿಯಾ ಕಾಯಿಗಳ ಸಿಪ್ಪೆ ಸುಲಿಯುತ್ತಾ ಕೂತೆವು. ಅವರು ಹೆಚ್ಚು ಮಾತಾಡುವವರಲ್ಲ. "ನಿಮ್ಮೂರಿನ ಸಮುದ್ರ, ಮನೆಯಿಂದಲೇ ಕಾಣತ್ತಾ?" ಎಂದರು. ಮೇಲಿನ ಕಿಟಕಿಯಿಂದ ಕಾಣುತ್ತದೆ, ಮೆಟ್ಟಿಲಿಳಿದರೆ ಐದು ನಿಮಿಷ ಎಂದೆ. ಮತ್ತೆ ನಾಲ್ಕು ಕಾಯಿ ಸುಲಿದರು. "ನಂಗೂ ಎರಡು ತಿಂಗಳು ಅಂತಾನೇ ಹೇಳಿದ್ರು" ಎಂದರು. ಆಮೇಲೆ ಎದ್ದು ಸೂಪು ಕಲಕಿದರು. ಏಪ್ರನ್ನಿನೊಳಗೆ ಕೀಲಿ ಸದ್ದು ಮಾಡಿತು.

ಇಷ್ಟೇ ಅಮ್ಮಾ ತಮಾಷೆ. ಈಗ ಉತ್ತರ. ನಾಳೆ ಬಸ್ಸು ಇದೆ, ಆದರೆ ನಾನು ಇಳಿದು ಹೋದರೆ ಮುಂದೆ ಎಷ್ಟು ದಿನ ಬೆಟ್ಟ ಒಣಗಿದ್ದರೂ ಅದು ನನ್ನ ತಲೆಗೇ, ಆ ಅಡುಗೆಯವನ ಹಲ್ಲಿನ ಹಾಗೆ. ಹತ್ತು ಜನರ ವರ್ಷದ ಅನ್ನ ಇದು. ಅವರ ಮುಖ ನೋಡಿಕೊಂಡು ಇಲ್ಲಿ ಹೇಗೆ ಬಾಳಲಿ? ಅಲ್ಲದೆ ನಾನು ಎರ್ವಿನ್‌ನನ್ನು ಪ್ರೀತಿಸುತ್ತೇನೆ, ಅದು ನಿನಗೆ ಗೊತ್ತು. ಮಿಸ್ ಪ್ರಿಚರ್ಡ್‌ಗೆ ನನ್ನ ಕೃತಜ್ಞತೆ ತಿಳಿಸಿ, ಕೆಲಸವನ್ನು ಬೇರೆಯವರಿಗೆ ಕೊಡಲು ಹೇಳು. ಅಕ್ಟೋಬರ್ ಎಂದರೆ ಎಷ್ಟರದು, ನಾಲ್ಕು ತಿಂಗಳು. ಕಿಟಕಿಗಳಿಗೆ ಪರದೆ ಹೊಲಿಯುತ್ತೇನೆ. ನೀನು ಅಳಬೇಡ, ನಾನು ಅಳುತ್ತಿಲ್ಲ. ಈ ಕಲೆ ಸೂಪಿನದು.

ನಿನ್ನನ್ನು ಬೆಟ್ಟದಷ್ಟು ಪ್ರೀತಿಸುವ, ತುಂಬಾ ಸುಖಿಯಾದ ಮಗಳು,
ಪಿಯಾ

ಮರೆತ ಮಾತು: ಗುರುವಾರ, ಹನ್ನೆರಡು ಗಂಟೆ. ಅಕ್ಷರ ಕುಣಿಯುತ್ತಿದ್ದರೆ ರಸ್ತೆಯ ತಪ್ಪು. ನಾನು ಬಸ್ಸಿನಲ್ಲಿದ್ದೇನೆ.

ಈ ಕಾಗದವನ್ನು ಚಾಲಕನಿಗೆ ಕೊಡಲೆಂದು ಹೋದೆ. ಬಸ್ಸಿನ ಬಾಗಿಲ ಹತ್ತಿರ ಅತ್ತೆ ನಿಂತಿದ್ದರು, ಕರಿಯ ಕೋಟು, ದಾರ ಕಟ್ಟಿದ ಒಂದು ರಟ್ಟಿನ ಡಬ್ಬಿ, ಇನ್ನೊಂದು ಕೈಯಲ್ಲಿ ನನ್ನ ಬಟ್ಟೆಯ ಚೀಲ. ನಾನು ಅದನ್ನು ಎರಡು ವಾರದಿಂದ ಕಟ್ಟಿ ಮಂಚದ ಕೆಳಗೆ ಇಟ್ಟಿದ್ದೆ, ನಿನಗೂ ಹೇಳಿರಲಿಲ್ಲ. ಅವರು ಕಸ ಗುಡಿಸುವಾಗ ನೋಡಿದ್ದರಂತೆ. ಎಲ್ಲರೂ ಹೊರಗೆ ಬಂದು ನಿಂತರು. ದೊನ್ ನಿಬಾಲ್ಡೊ ಟೋಪಿ ತೆಗೆದು, "ದೋನ್ಯಾ, ಹಿಂಗಾದ್ರೆ ಅವಳು ಬರಲ್ಲ" ಎಂದರು. "ಬರದಿದ್ರೆ ಬಿಡು. ಬಂದಾಗೆಲ್ಲ ಅವಳ ಕಸ ಬಾಚಿದ್ದು ನಾನೇ" ಎಂದರು ಅತ್ತೆ. ಲಾರಿಯ ಕೀಲಿಯನ್ನು ಮಗನ ಅಂಗೈಯಲ್ಲಿಟ್ಟು, ಅವನ ಕಿವಿಯ ಹಿಂದಿನ ಗ್ರೀಸನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದರು. ಹೋಗಲಿಲ್ಲ. ಆಮೇಲೆ ನನ್ನ ಬೆನ್ನಿಗೆ ಕೈಯಿಟ್ಟು ಮೆಟ್ಟಿಲಿಗೆ ದೂಡಿ, "ಹತ್ತು. ಈ ಸಲ ಮನೆಯವರು ಮೊದಲು" ಎಂದರು.

ಎರ್ವಿನ್ ಕಿಟಕಿ ತಟ್ಟಿದ. ಓಪನಿಂಗ್ ಆದ ಕೂಡಲೇ ಬರ್ತೀನಿ ಎಂದ. ಸಮುದ್ರ ಎಲ್ಲಿಗೂ ಹೋಗಲ್ಲ, ಬಾ ಎಂದೆ. ಬರುತ್ತಾನೋ ಇಲ್ಲವೋ ಗೊತ್ತಿಲ್ಲ ಅಮ್ಮಾ. ನಿನಗೆ ಸುಳ್ಳು ಬರೆಯುವುದು ಮುಗಿಯಿತು.

ಮೂರನೆಯ ತಿರುವಿನಲ್ಲಿ ಗಾಜಿನ ಮೇಲೆ ಬಿಳಿಯ ಚುಕ್ಕೆಗಳು ಬೀಳತೊಡಗಿದವು. ಈಗ ಒಂದೇ ಸಮನೆ ಸುರಿಯುತ್ತಿದೆ, ಚಾಲಕ ಶಿಳ್ಳೆ ಹಾಕುತ್ತಿದ್ದಾನೆ. ನಾನು ಹಿಂದಕ್ಕೆ ತಿರುಗಿದೆ. "ನೋಡಬೇಡ" ಎಂದರು ಅತ್ತೆ, ತಾವು ನೋಡುತ್ತಲೇ.

ಈ ಕಾಗದವನ್ನು ನಾನೇ ನಿನ್ನ ಕೈಗೆ ಕೊಡುತ್ತೇನೆ, ಬಾಯಲ್ಲಿ ಹೇಳಲು ನನಗಾಗದು. ಓದಿ ಮುಗಿಸುವವರೆಗೆ ಏನೂ ಕೇಳಬೇಡ. ಮೇಲಿನ ಕೋಣೆ ಅವರಿಗೆ, ಸಮುದ್ರ ಕಾಣುವ ಕಿಟಕಿಯದು. ಮತ್ತೆ ನಮ್ಮ ಪಾದ ನೋಡಿ ನಗಬೇಡ, ಇಬ್ಬರೂ ಹಿಮದ ಬೂಟಿನಲ್ಲೇ ಬಂದಿದ್ದೇವೆ. ನಿನ್ನ ಚಪ್ಪಲಿಗಳಲ್ಲಿ ಒಂದು ಜೊತೆ ಅವರಿಗೆ ಬೇಕಾಗುತ್ತದೆ. ಅವರ ಅಳತೆ ಮೂವತ್ತಾರು.