ಕ್ಷಮೆ ಕೇಳಿದ ರಾಜನ ಮಗಳಿಗೆ

ಮಂಗಳವಾರ, ಮಧ್ಯಾಹ್ನ

ನನ್ನ ಪ್ರೀತಿಯ ಗೋಡೆಗೆ,

ಗೋಲಿನಲ್ಲಿ ನಿಂತರೆ ಚೆಂಡನ್ನು ಒಳಗೆ ಬಿಡದವಳೆಂದು ನಿನ್ನ ತಂಡದ ಹುಡುಗಿಯರು ಇಟ್ಟ ಹೆಸರು. ನನ್ನ ಮಾತೂ ನಿನ್ನೊಳಗೆ ಇಳಿಯದೆ ಇಪ್ಪತ್ತಾರು ವರ್ಷವಾಯಿತು. ಹೆಸರು ಸರಿಯಾಗಿಯೇ ಇದೆ. ಅಮ್ಮನ ಆಶೀರ್ವಾದ ಮೊದಲು ತೆಗೆದುಕೋ, ಉಳಿದದ್ದೆಲ್ಲ ಬೈಗುಳ.

ಅಲ್ಲವೇ ತಾಯಿ, ಗಂಡಸರ ಫುಟ್‌ಬಾಲ್ ತಂಡಕ್ಕೆ ಕೊಡುವಷ್ಟೇ ಸಂಬಳ ಕೊಡದಿದ್ದರೆ ಹೊಸ ಕರಾರಿಗೆ ಸಹಿ ಹಾಕುವುದಿಲ್ಲ ಎಂದೆ, ಸರಿ. ಹದಿನೆಂಟು ಹುಡುಗಿಯರು ನಿನ್ನ ಹಿಂದೆ ನಿಂತರು, ಭಲೇ! ಆದರೆ ಪತ್ರಿಕೆಯವನ ಮುಂದೆ ನನ್ನ ಕಥೆ ಬಿಚ್ಚು ಎಂದವರು ಯಾರು? “ನಾಟಕ ಕಂಪನಿಯಲ್ಲಿ ರಾಜನ ಪಾತ್ರದವನು ಕೈಕೊಟ್ಟಾಗ ನಮ್ಮಮ್ಮನೇ ರಾಜ ಆದ್ರು. ಸಂಬಳ ಮಾತ್ರ ಸಖಿಯ ಪಾತ್ರದ್ದೇ ಕೊಟ್ರು. ಕಿರೀಟ ತೆಗೆದು ಮಾಲೀಕನ ಮೇಜಿನ ಮೇಲಿಟ್ಟು ಹೊರಟು ಬಂದವರು ಅವರು. ನಾನು ಅವರ ಮಗಳು!” ಪಕ್ಕದಲ್ಲಿ ನನ್ನ ಫೋಟೋ ಬೇರೆ.

ಇವತ್ತು ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಕರೆಸಿದರು. ಆಟದ ದಿನ ಮೈಕಿನಲ್ಲಿ ಆಟಗಾರರ ಹೆಸರು ಕೂಗುವ ನನಗೆ ಆ ಕೋಣೆಯಲ್ಲಿ ಏನು ಕೆಲಸ? ಇದೇ ಮೊದಲು ಒಳಗೆ ಕಾಲಿಟ್ಟದ್ದು. ಗಂಡಸರು ಹನ್ನೊಂದು ವರ್ಷದ ಹಿಂದೆ ಗೆದ್ದ ಒಂದೇ ಒಂದು ಕಪ್, ಗಾಜಿನ ಕಪಾಟಿನಲ್ಲಿ, ಸುತ್ತ ದೀಪ ಹಚ್ಚಿಸಿಕೊಂಡು ಮೆರೆಯುತ್ತಿದೆ. ನೀವು ಹೋದ ವರ್ಷ ಗೆದ್ದದ್ದು ಎಲ್ಲಿ ಎಂದು ಹುಡುಕಿದೆ. ಗಾಳಿಗೆ ಬಡಿದುಕೊಳ್ಳದಿರಲೆಂದು ಬಾಗಿಲಿಗೆ ಅಡ್ಡ ಇಟ್ಟಿದ್ದಾರೆ! ಕೈಯಲ್ಲಿ ಗದೆ ಇದ್ದಿದ್ದರೆ ಅಲ್ಲೇ ಒಂದು ಅಂಕ ಮುಗಿಸುತ್ತಿದ್ದೆ.

“ಕೂತ್ಕೊಳ್ಳಿ ಮೇಡಂ. ಹೆಣ್ಮಕ್ಕಳ ಆಟ ನೋಡೋಕೆ ಜನ ಎಲ್ಲಿ ಬರ್ತಾರೆ, ನೀವೇ ಹೇಳಿ” ಎಂದರು.

“ಕೆಲಸದ ದಿನ, ಮಟಮಟ ಮಧ್ಯಾಹ್ನ ಆಟ ಇಡ್ತೀರಿ. ನಾಲ್ಕು ಗೇಟಲ್ಲಿ ಮೂರಕ್ಕೆ ಬೀಗ. ಕಾಗೆ ಬರ್ಬೇಕಾ ಸಾರ್?” ಎಂದೆ.

ನಗಲಿಲ್ಲ ಪುಣ್ಯಾತ್ಮ. ಮೇಜಿನ ಖಾನೆ ಎಳೆದು ಹಳದಿಗಟ್ಟಿದ ಒಂದು ಕಾಗದ ತೆಗೆದಿಟ್ಟರು. ನನ್ನದೇ ಕೈಬರಹ. ಆ ನಾಟಕ ಕಂಪನಿ ಮಾಲೀಕನ ಮಗ ಇವರ ಸ್ನೇಹಿತನಂತೆ. ಪತ್ರಿಕೆ ಓದಿ, ಅಪ್ಪನ ಪೆಟ್ಟಿಗೆ ತಡಕಾಡಿ ತಂದುಕೊಟ್ಟನಂತೆ.

ಕೇಳು ಮಗಳೇ. ಕಿರೀಟ ಮೇಜಿನ ಮೇಲಿಟ್ಟದ್ದು ನಿಜ. ಹೊರಟು ಬಂದದ್ದೂ ನಿಜ. ನಿನಗೆ ಹೇಳುವಾಗ ಅಲ್ಲಿಗೇ ಪರದೆ ಎಳೆದುಬಿಡುತ್ತಿದ್ದೆ. ಮುಂದಿನ ದೃಶ್ಯ ಇದು: ಮಾರನೆಯ ಬೆಳಿಗ್ಗೆ ಹೋಗಿ ಕೈಮುಗಿದು ನಿಂತೆ. “ಬಾಯಲ್ಲಿ ಹೇಳಿದ್ರೆ ಗಾಳಿಗೆ ಹೋಗುತ್ತಮ್ಮ, ಬರೆದುಕೊಡು” ಎಂದ ಮಾಲೀಕ. ಹೆಣ್ಣಾದ ನಾನು ರಾಜನ ಸಂಬಳ ಕೇಳಿದ್ದು ತಪ್ಪಾಯಿತು ಎಂದು ಬರೆದು, ಕೆಳಗೆ ಸಹಿ ಹಾಕಿದೆ. ಆಮೇಲೆ ನಾಲ್ಕು ವರ್ಷ ಅದೇ ಕಿರೀಟ. ಸಿಂಹಾಸನದಲ್ಲಿ ಕೂತು ನಾನು ಅಬ್ಬರಿಸುವಾಗ ಪರದೆಯ ಸಂದಿಯಲ್ಲಿ ಅವನು ಮುಸಿಮುಸಿ ನಗುತ್ತಿದ್ದ. ನೀನು ಚಿಕ್ಕವಳು, ಕಣ್ಣರಳಿಸಿ ಕಥೆ ಕೇಳುತ್ತಿದ್ದೆ. ಹೇಳಿದ ಸಲಕ್ಕೊಂದು ಗೇಣು ನಾನೂ ಎತ್ತರವಾಗುತ್ತಾ ಹೋದೆ. ಚಪ್ಪಾಳೆ ತಟ್ಟುವವಳ ಮುಂದೆ ವೇಷ ಕಳಚುವುದು ಹೇಗೆ, ಹೇಳು?

ಕಾರ್ಯದರ್ಶಿಗಳು ಕಾಗದ ಮಡಚಿ ಮತ್ತೆ ಖಾನೆಗೆ ಹಾಕಿದರು. “ಶುಕ್ರವಾರದೊಳಗೆ ಕರಾರಿಗೆ ನಿಮ್ಮ ಮಗಳ ಸಹಿ ಬರ್ಲಿ. ಇಲ್ಲಾಂದ್ರೆ ಇದು ಪೇಪರಲ್ಲಿ ಬರುತ್ತೆ. ಕ್ಯಾಪ್ಟನ್ ಹೇಳಿದ್ದೇ ಸುಳ್ಳು ಅಂತಾದ್ರೆ ಮಿಕ್ಕ ಹುಡುಗೀರು ನಿಲ್ತಾರಾ ಮೇಡಂ? ನೀವು ತಿಳಿದೋರು.”

ತಿಳಿದವಳಂತೆ! ತಿಳಿದವಳಾಗಿದ್ದರೆ ಮನೆಯಲ್ಲೊಂದು ಮೌನವ್ರತ ಹಿಡಿದು ಕೂರುತ್ತಿದ್ದೆ. ಅವರ ಮೇಲೆ ರೇಗಲೋ, ಊರಿಗೆಲ್ಲ ಸಾರಿದ ನಿನ್ನ ಮೇಲೋ, ಕಥೆ ಕಟ್ಟಿದ ನನ್ನ ಮೇಲೋ? ಬೆಳಗಿನಿಂದ ಮೂವರಿಗೂ ಸರದಿಯಂತೆ ಬೈಯುತ್ತಿದ್ದೇನೆ. ಪಕ್ಕದ ಮನೆಯವರು ಹೊಸ ನಾಟಕದ ತಾಲೀಮು ಎಂದುಕೊಂಡಿರಬೇಕು. ಫೋನಿನಲ್ಲಿ ಹೇಳಿದರೆ ನನ್ನ ಗಂಟಲು ನನ್ನ ಹಿಡಿತಕ್ಕೆ ಸಿಗುವುದಿಲ್ಲ, ಮತ್ತೆ ರಾಜನೇ ಮಾತಾಡಿಬಿಡುತ್ತಾನೆ. ಅದಕ್ಕೇ ಬರೆಯಲು ಕೂತೆ.

ಸಹಿ ಹಾಕು, ಹಾಕಬೇಡ ಎನ್ನುವ ಬಾಯಿ ನನಗೆ ಉಳಿದಿಲ್ಲ. ಹದಿನೆಂಟು ಮನೆಗಳ ಒಲೆ ಉರಿಯಬೇಕು, ಆ ಲೆಕ್ಕ ನಿನಗೆ ಗೊತ್ತು. ನನಗೆ ಗೊತ್ತಿರುವುದು ಇಷ್ಟೇ: ತಪ್ಪಾಯಿತೆಂದು ಬರೆದುಕೊಟ್ಟ ಮರುವರ್ಷ ನನ್ನ ಸಂಬಳ ಇಳಿಸಿದರು. ಇವಳು ಇನ್ನು ಕೇಳುವುದಿಲ್ಲ ಎಂದು ಅವರಿಗೆ ಬರಹದಲ್ಲೇ ಸಿಕ್ಕಿತ್ತಲ್ಲ!

ಹೊತ್ತಿಗೆ ಸರಿಯಾಗಿ ಊಟ ಮಾಡು. ಮೊಣಕಾಲಿಗೆ ಪಟ್ಟಿ ಕಟ್ಟದೆ ಅಭ್ಯಾಸಕ್ಕೆ ಇಳಿಯಬೇಡ.

ಇಂತಿ,
ನಿನ್ನ ಸಿಡುಕಿ ಅಮ್ಮ

ವಿ.ಸೂ.: ಇದು ಸಂಜೆಯೊಳಗೆ ನಿಮ್ಮ ತರಬೇತುದಾರರ ಕೈಯಿಂದ ನಿನಗೆ ತಲುಪುತ್ತದೆ. ಇದರದೇ ಇನ್ನೊಂದು ಪ್ರತಿಯನ್ನು ಆ ಪತ್ರಿಕೆಯವನಿಗೆ ಆಗಲೇ ಕೊಟ್ಟು ಬಂದೆ. ನಾಳೆ ಬೆಳಿಗ್ಗೆ ಅಚ್ಚಾಗುತ್ತದಂತೆ. ಕಾರ್ಯದರ್ಶಿಗಳು ಶುಕ್ರವಾರದವರೆಗೆ ಕಾಯುವ ತೊಂದರೆ ತಪ್ಪಿತು. ನನ್ನ ಮೈಕು ಹೋಗುತ್ತದೆ, ಹೋಗಲಿ. ಬೈಯಬೇಕೆನಿಸಿದರೆ ಮನೆಗೇ ಬಂದು ಬಾಯಿ ತುಂಬ ಬೈಯಿ, ತಲೆತಗ್ಗಿಸಿ ಕೇಳುತ್ತೇನೆ. ಆದರೆ ಸಹಿ ಹಾಕಿ ಬಂದೆಯೋ, ಬಾಗಿಲು ತೆಗೆಯುವುದಿಲ್ಲ.