ಸೀಸದ ಪಟ್ಟಿ

ಜೇಜು ದ್ವೀಪದ ಆಸ್ಪತ್ರೆಯಿಂದ

ಚುನ್‌ಹ್ವಾ ಅಕ್ಕನಿಗೆ,

ಇನ್ನು ಕೆಲವು ವಾರ ಶಂಖ ಹೆಕ್ಕಲು ನಾನು ಮುಳುಗುವುದಿಲ್ಲ. ಗುಂಪಿನ ಮುಖ್ಯಸ್ಥೆಯಾದ ನಿಮಗೆ ತಿಳಿಸದೆ ಯಾರೂ ಸಮುದ್ರ ತಪ್ಪಿಸುವಂತಿಲ್ಲ, ಅದಕ್ಕೆ ಈ ಪತ್ರ.

ತೊಡೆಸಂದಿಯ ಗಂಟು ಹರ್ನಿಯಾ ಅಂತೆ. ಮುಳುಗುವಾಗ ಭಾರಕ್ಕೆಂದು ಸೊಂಟಕ್ಕೆ ಕಟ್ಟುವ ಸೀಸದ ಪಟ್ಟಿಯನ್ನೇ ಕೆಳಗಿಳಿಸಿ, ಬಿಗಿದು, ಅದನ್ನು ಒಳಗೆ ತಳ್ಳಿಕೊಂಡಿದ್ದೆ. ವೈದ್ಯೆ ನಕ್ಕಳು. "ಮುರಿದ ಬಾಗಿಲಿಗೆ ಕಲ್ಲು ಒರಗಿಸಿದೀರಲ್ಲಮ್ಮಾ. ಕರುಳು ಸಿಕ್ಕಿಹಾಕ್ಕೊಂಡ್ರೆ ನೀರಲ್ಲೇ ಕಥೆ ಮುಗಿಯುತ್ತೆ."

ದಾರಿ ಎರಡು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿ, ಕೊಯ್ದು ಜಾಲರಿ ಹೊಲಿಯುವುದು ಒಂದು. ಸಣ್ಣ ತೂತುಗಳಿಂದ ಕ್ಯಾಮೆರಾ ಇಳಿಸಿ ಒಳಗಿನಿಂದ ಜಾಲರಿ ಹಾಸುವುದು ಇನ್ನೊಂದು. ಇದರಲ್ಲಿ ಬೇಗ ವಾಸಿಯಾಗುತ್ತದೆ, ಆದರೆ ಪ್ರಜ್ಞೆ ತಪ್ಪಿಸಿ ಉಸಿರನ್ನು ಯಂತ್ರಕ್ಕೆ ಒಪ್ಪಿಸಬೇಕು. ನನ್ನ ಉಸಿರನ್ನು ಇನ್ನೊಬ್ಬರ ಕೈಗೆ ಕೊಡಲು ಮನಸ್ಸಾಗಲಿಲ್ಲ. ಕೊಯ್ಯಿರಿ ಎಂದೆ.

ಬರೆಯುತ್ತಲೇ ಎದ್ದೆದ್ದು ಕಿಟಕಿಗೆ ಹೋಗುತ್ತಿದ್ದೇನೆ. ಸಮುದ್ರ ಶಾಂತವಾಗಿದೆ, ನೀವೆಲ್ಲ ಇಳಿದಿರಬೇಕು. ಮೇಲೆ ಬಂದಾಗ ಆತುಕೊಳ್ಳುವ ನನ್ನ ತೇಲುಬುರುಡೆಯನ್ನು ಯಾರಿಗೂ ಕೊಡಬೇಡಿ.

ಇನ್ನೊಂದು ಮಾತು. ಮುಳುಗಿ ಬಂದು ಬೆಂಕಿ ಕಾಯಿಸುತ್ತಾ ಕೆಮ್ಮುವಾಗ ನೀವು ತೊಡೆಸಂದಿಯನ್ನು ಅಂಗೈಯಿಂದ ಒತ್ತಿ ಹಿಡಿಯುತ್ತೀರಿ. ನಿಮ್ಮ ಪಟ್ಟಿಯೂ ಈಚೆಗೆ ಕೆಳಗಿಳಿದಿದೆ. "ಇಷ್ಟಕ್ಕೆಲ್ಲ ದಡ ಹತ್ತಿದ್ರೆ ಹೊಟ್ಟೆ ತುಂಬುತ್ತೇನೇ?" ಎಂದು ನನ್ನನ್ನು ಬೈಯುವಿರಿ, ಬೈಯಿರಿ. ಈ ವೈದ್ಯೆ ಬುಧವಾರವೂ ಇರುತ್ತಾಳೆ. "ಮ್ಯೊಂಗ್‌ಸುನ್‌ಳನ್ನು ನೋಡಲು ಹೊರಟಿದ್ದೇನೆ" ಎಂದು ಎಲ್ಲರಿಗೂ ಹೇಳಿ ಬನ್ನಿ.

ನಿಮ್ಮ ಪಕ್ಕದಲ್ಲೇ ಮುಳುಗುವ,
ಬು ಮ್ಯೊಂಗ್‌ಸುನ್