ಎತ್ತು ಬೆದರಿದ ದನಿ

ಪಾಳಾ,
ಮಿರಗದ ಮಳೆ, ೧೯೯೭

ಚಿ. ಉದಯಕುಮಾರನಿಗೆ,

ನಿನ್ನ ಅಕ್ಕ ಚೆನ್ನಾಗಿದ್ದಾಳೆ. ನಾನು ಇದ್ದೇನೆ.

ಸೋಮವಾರ ಒಂದು ಬಿಟ್ಟು ಯಾವತ್ತಾದರೂ ಬಂದು ನನ್ನ ಜೋಡೆತ್ತುಗಳನ್ನು ಚಿಗಳ್ಳಿಗೆ ಹೊಡೆದುಕೊಂಡು ಹೋಗು. ಅವು ಬಾರುಕೋಲು ಕಂಡಿಲ್ಲ, ನನ್ನ ದನಿಗೇ ನಡೆದವು. ಈಗ ನೊಗ ಹೂಡಿದರೆ ನಿಂತೇ ಇರುತ್ತವೆ. ನೀನು ‘ಹೋಗೂಣು ನಡಿಯೋ ಕೆಂದಾ’ ಎಂದು ಕೂಗು, ನಾಲ್ಕು ದಿನದಲ್ಲಿ ಒಗ್ಗಿಕೊಳ್ಳುತ್ತವೆ.

ಗಂಟಲ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆ ತೆಗೆದ ಮೇಲೆ, ಗಾಳಿ ನುಂಗಿ ತೇಗಿನ ಜೊತೆ ಮಾತು ಹೊರಡಿಸುವುದನ್ನು ಹುಬ್ಬಳ್ಳಿಯ ಡಾಕ್ಟರು ಕಲಿಸಿದ್ದರು. ಜನ ನಗಬಾರದೆಂದು ಕೊಟ್ಟಿಗೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ. ಮೊನ್ನೆ ಕೊನೆಗೂ ಒಂದು ಮಾತು ಪೂರ್ತಿ ಹೊರಟಿತು: ಕೆಂದಾ. ಎತ್ತು ಬೆದರಿ, ಕಣ್ಣಿ ಹರಿದುಕೊಂಡು ಓಡಿತು. ಹುಲಿ ಎಂದುಕೊಂಡಿತೋ ಏನೋ. ಅಂದೇ ಅಭ್ಯಾಸ ಬಿಟ್ಟೆ. ಇನ್ನು ಹುಬ್ಬಳ್ಳಿಗೂ ಹೋಗುವುದಿಲ್ಲ.

ಬಂದಾಗ ಈ ಕಾಗದವನ್ನು ನಿನ್ನ ಅಕ್ಕನಿಗೆ ನೀನೇ ಓದಿ ಹೇಳಬೇಕು. ಶಿವಗಂಗವ್ವನಿಗೆ ಓದು ಬಾರದು. ನಾನು ಪಾಟಿಯ ಮೇಲೆ ಬರೆದು ತೋರಿಸಿದರೆ ಸುಮ್ಮನೆ ನನ್ನ ಮುಖ ನೋಡುತ್ತಾಳೆ. ದಿನಾ ಬೆಳಿಗ್ಗೆ ಕೊರಳ ತೂತಿನ ಮೇಲಿನ ಅರಿವೆ ಬದಲಿಸುತ್ತ, ‘ದನಿ ಬರತೈತಿ ಬಿಡ್ರಿ, ಇವತ್ತಲ್ಲ ನಾಳಿ’ ಎನ್ನುತ್ತಾಳೆ. ಇನ್ನು ಬರುವುದಿಲ್ಲ ಎಂದು ನಿನ್ನೆ ಕೈಯಾಡಿಸಿ ಹೇಳಿದೆ. ನೀರು ಬೇಕೇನೋ ಎಂದು ತಂಬಿಗೆ ತುಂಬಿ ತಂದಳು. ಬೇಡವೆನ್ನಲು ಮತ್ತೆ ಕೈಯಾಡಿಸಬೇಕಲ್ಲ, ಕುಡಿದುಬಿಟ್ಟೆ.

ನಿನ್ನ ಮಾಮಾ,
ಕರಿಬಸಪ್ಪ